ಜ್ವರದ ಮರಿ

“ಕಣ್ಣು ಹೊಟ್ಟೋಗಿದ್ಯಾ ಫಿನಾಯಿಲು? ಗಾಜಿನ ಮೇಲೆ ನಿನ್ನ ಬೆರಳಚ್ಚು ನೋಡೋಕೆ ಬರ್ತಿದಾರಾ ಸಾಹೇಬ್ರು? ತಿಕ್ಕೇ, ದರಿದ್ರ ಮುಂಡೇದೇ!”

ಮಾಲೀಕ ಗದರಿದ. ನಾಯಿಮರಿ ಮಾರುವ ಆ ಅಂಗಡಿಯಲ್ಲಿ ಕಸ ಹೊಡೆದು ನೆಲ ಒರೆಸುವವಳಿಗೆ ಮೈಗಂಟಿದ ವಾಸನೆಯೇ ಹೆಸರಾಗಿತ್ತು. ಅವಳು ಗಾಜು ತಿಕ್ಕಿದಳು. ಜೀವವೆಲ್ಲ ಮೆಟ್ಟಿಲ ಕೆಳಗಿನ ಗೂಡಿನಲ್ಲಿತ್ತು. ಅದೇ ಅವಳ ಮನೆ. ಪುಟ್ಟ ಮಗಳು ಜ್ವರದಲ್ಲಿ, ಗಾಳಿಯಿಲ್ಲದೆ, ಕಾಲು ಮಡಚಿಕೊಂಡು ಬಿದ್ದಿದ್ದಳು. ಇಲ್ಲಿ ನೋಡಿದರೆ ಮರಿಮರಿಗೂ ಫ್ಯಾನು, ಮೆತ್ತನೆ ಹಾಸಿಗೆ! ಎಲ್ಲ ಇವತ್ತಿನ ತಪಾಸಣೆಗೆಂದು ಮಾಡಿದ ಸಿಂಗಾರ. ಬಾಗಿಲ ಬಳಿಯ ದೊಡ್ಡ ಗೂಡಿನ ಮರಿ ಬೆಳಿಗ್ಗೆ ಸತ್ತಿತ್ತು. ಅದನ್ನು ಚೀಲಕ್ಕೆ ತುಂಬಿ ತೊಟ್ಟಿಗೆ ಹಾಕಿ ಬಂದವಳೂ ಅವಳೇ.

ಪಶು ಇಲಾಖೆಯಿಂದ ತಪಾಸಣೆಯ ಸಾಹೇಬರು ಬಂದರು. ಟೇಪು ಹಿಡಿದು ಗೂಡುಗಳನ್ನು ಅಳೆದರು.

“ಮರಿ ಅಂದ್ಮೇಲೆ ಆರಾಮಾಗಿ ಕಾಲು ಚಾಚಬೇಕು, ಮಗ್ಗುಲು ಹೊರಳಬೇಕು. ಇಲ್ದಿದ್ರೆ ಅಂಗಡಿಗೆ ಬೀಗ ಹಾಕಿಸ್ತೀನಿ.”

ಮಾಲೀಕ ಹಲ್ಲು ಗಿಂಜಿದ. ಅಷ್ಟರಲ್ಲಿ ಮೆಟ್ಟಿಲ ಕೆಳಗಿನಿಂದ ನರಳುವ ಸದ್ದು ಕೇಳಿತು.

“ಏನ್ರಿ ಅದು?”

“ಏನಿಲ್ಲ ಸಾರ್, ಹಳೇ ಸಾಮಾನು,” ಎಂದ ಮಾಲೀಕ.

“ನನ್ನ ಮರಿ ಸಾರ್!” ಅವಳ ಬಾಯಿಂದ ಬಂದೇಬಿಟ್ಟಿತು. ಮಗಳನ್ನು ಅವಳು ಕರೆಯುತ್ತಿದ್ದುದೇ ಹಾಗೆ. “ಮೈ ಕೆಂಡದಂಗೆ ಸುಡ್ತಿದೆ.”

ಸಾಹೇಬರು ಮಾಲೀಕನ ಮೇಲೆ ಹರಿಹಾಯ್ದರು. “ಜ್ವರದ ಮರೀನ ಆ ಬಿಲದಲ್ಲಿ ತುರುಕಿದೀರಾ? ಮನುಷ್ಯರೇನ್ರಿ ನೀವು? ಮೊದಲು ಆ ಖಾಲಿ ಗೂಡಿಗೆ ಹಾಕಿಸಿ. ಡಾಕ್ಟ್ರನ್ನ ಕರೆಸಿ.”

ಅಂತೂ ಒಬ್ಬ ಪುಣ್ಯಾತ್ಮ ಕೇಳಿದನಲ್ಲ! ಅವಳು ಓಡಿಹೋಗಿ ಮಗಳನ್ನು ಹೆಗಲಿಗೆ ಹಾಕಿಕೊಂಡು ಬಂದಳು.

“ಅಯ್ಯೋ, ಮಗುನಾ?” ಸಾಹೇಬರು ಟೇಪು ಸುತ್ತಿಕೊಂಡರು. “ಇದು ನಮ್ಮ ಇಲಾಖೆಗೆ ಬರಲ್ಲಮ್ಮ.”

ಮಾಲೀಕ ಹೊಟ್ಟೆ ಕುಣಿಸಿ ನಕ್ಕ. “ಒಳಗೆ ಹೊತ್ಕೊಂಡು ಹೋಗೇ.”

ಅವಳು ಹೋಗಲಿಲ್ಲ. ದೊಡ್ಡ ಗೂಡಿನ ಗಾಜಿನ ಬಾಗಿಲು ತೆಗೆದು ಮಗಳನ್ನು ಮೆಲ್ಲಗೆ ಹಾಸಿಗೆಯ ಮೇಲೆ ಮಲಗಿಸಿ ಫ್ಯಾನು ಹಾಕಿದಳು.

“ಎತ್ತೇ ಬೋಳಿ! ಗಿರಾಕಿಗಳು ಬರೋ ಹೊತ್ತು!” ಮಾಲೀಕ ಅವಳ ಜುಟ್ಟಿಗೆ ಕೈಹಾಕಿದ.

ಕೊಸರಿಕೊಂಡು ಅವಳು ಗೂಡಿಗೆ ಬೆನ್ನು ಕೊಟ್ಟು ನಿಂತಳು. ನೆಲ ಒರೆಸುವ ಕೋಲು ಈಗ ಅವಳ ಕೈಯಲ್ಲಿತ್ತು.

“ಮುಟ್ಟಿ ನೋಡೋ, ಬೋಳಿಮಗನೇ! ಬೆಳಿಗ್ಗೆ ಒಂದು ಮರೀನ ಚೀಲಕ್ಕೆ ತುಂಬ್ದೆ. ಇದನ್ನ ತುಂಬಲ್ಲ.”

“ಯಾವ ಮರಿ?” ಎಂದರು ಸಾಹೇಬರು.

ಅವಳ ಬೆನ್ನ ಹಿಂದೆ, ಗಾಜಿನೊಳಗೆ, ಮಗಳು ಮಗ್ಗುಲು ಹೊರಳಿ ಎರಡೂ ಕಾಲು ಚಾಚಿದಳು.