ಮುದ್ರೆ ಹಚ್ಚದ ತೊಗರಿಬೇಳೆ

ಹೊಸದುರ್ಗ ತಾಲ್ಲೂಕಿನ ಬಾಗೂರಿನಲ್ಲಿ ಕೆಲವು ಮನೆಯವರು ಗುಂಪು ಕಟ್ಟಿಕೊಂಡು ಸಾವಯವ ತೊಗರಿ ಬೆಳೆಯುತ್ತಿದ್ದರು. ಭೂಮಿಗೆ ಕುರಿಗೊಬ್ಬರ, ಹುಳುವಿಗೆ ಬೇವಿನ ಬೀಜದ ಕಷಾಯ. ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ಒಪ್ಪಿದರೆ ಮಾತ್ರ ಬೇಳೆಯ ಪೊಟ್ಟಣಕ್ಕೆ ಸಾವಯವ ಮುದ್ರೆ.

ಆ ವರ್ಷ ಪಾಲಮ್ಮ ಮಗಳ ಬಾಣಂತನಕ್ಕೆಂದು ಹಿರಿಯೂರಿಗೆ ಹೋಗಿದ್ದಳು. ಅದೇ ಹೊತ್ತಿಗೆ ತೊಗರಿಗೆ ಕಾಯಿಕೊರಕ ಹುಳು ಬಿತ್ತು. ಗಂಡ ಜುಂಜಣ್ಣ ಯಾರಿಗೂ ಹೇಳಲಿಲ್ಲ. ಬೆಳೆ ಉಳಿಯಿತು.

ಸುಗ್ಗಿ ಮುಗಿದು ಬೇಳೆಯಾದ ಮೇಲೆ, ಊರಿಗೆ ಮರಳಿದ್ದ ಪಾಲಮ್ಮನೂ ಸೇರಿ ಎಲ್ಲರೂ ಗುಂಪಿನ ಮುಖಂಡೆ ಸಿದ್ದಕ್ಕನ ಮನೆಯಲ್ಲಿ ಮುದ್ರೆ ಅಂಟಿಸುತ್ತ ಕುಳಿತಿದ್ದರು. ಪಕ್ಕದ ಹೊಲದ ಉಗ್ರಪ್ಪ ಬಾಗಿಲಿಗೆ ಬಂದ.

“ಏನಪ್ಪ ಜುಂಜಣ್ಣ, ನನ್ ಪಂಪು ಎಲ್ಲೈತೆ? ತೊಗರಿಗೆ ಔಷಧಿ ಹೊಡ್ಯಾಕೆ ಅಂತ ಒಯ್ದೋನು ವಾಪಸ್ ಕೊಡ್ಲೇ ಇಲ್ಲ!”

ಪಾಲಮ್ಮನ ಕೈ ನಿಂತಿತು. “ಏನ್ ಹೊಡೆದ್ರಿ? ಕಷಾಯನಾ?”

“ಅಂಗಡಿ ಔಷಧಿ. ಒಂದೇ ಸಲ ಕಣೆ. ಕಣ್ಮುಂದೆ ಕಾಯೆಲ್ಲ ತೂತು ಬೀಳ್ತಿದ್ರೆ ಸುಮ್ನೆ ಕುಂತ್ಕಳ್ಲಾ?” ಎಂದ ಜುಂಜಣ್ಣ. ಆಮೇಲೆ ಎಲ್ಲರ ಮುಖ ನೋಡಿ, “ಬೇಳೆ ನೋಡಿದ್ರೆ ಯಾರಿಗ್ ಗೊತ್ತಾಗ್ತೈತೆ? ಅಂಟಿಸ್ರಿ ಅತ್ಲಾಗೆ” ಎಂದ.

“ನೋಡಿದ್ರೆ ಗೊತ್ತಾಗಲ್ಲ ಅಂತಾನೇ ಮುದ್ರೆ ಇರೋದು” ಎಂದಳು ಸಿದ್ದಕ್ಕ. “ಕೊಳ್ಳೋರು ನಮ್ ಹೊಲಕ್ಕೆ ಬರಾಕಾಗಲ್ಲ. ಅವರ ಬದ್ಲು ನಾವು ನೋಡೀವಿ ಅಂತ ಇದು ಹೇಳ್ತೈತೆ. ನಮ್ದೂ ತಪ್ಪೈತೆ. ಹೂವಿದ್ದಾಗ ನೋಡಿ ಬಂದೋರು, ಕಾಯಿ ಕಟ್ಟಿದ ಮೇಲೆ ಆ ಕಡೆ ಹೋಗ್ಲೇ ಇಲ್ಲ.”

ಪಾಲಮ್ಮ ತಮ್ಮ ಪೊಟ್ಟಣಗಳ ಮುದ್ರೆಯನ್ನು ಒಂದೊಂದಾಗಿ ಕಿತ್ತಳು. ಜುಂಜಣ್ಣ ಎದ್ದು ಕುರಿಹಟ್ಟಿಗೆ ಹೋದ. ಊಟಕ್ಕೆ ಕರೆದರೂ ಬರಲಿಲ್ಲ.

ಆದರೆ ಸಿದ್ದಕ್ಕ, ಪಾಲಮ್ಮ ಚಿತ್ರದುರ್ಗದ ಸಂತೆಗೆ ಹೊರಟಾಗ ಅವನೂ ಗಾಡಿ ಹತ್ತಿದ. ಸಿದ್ದಕ್ಕ ಎರಡು ಬಗೆಯ ಬೇಳೆಯನ್ನೂ ಬೇರೆ ಬೇರೆ ಜೋಡಿಸಿದಳು. ಪ್ರತಿ ವರ್ಷ ಕೊಳ್ಳುವ ಕೊಟ್ರಮ್ಮ ಬಂದು, ಮುದ್ರೆಯಿಲ್ಲದ ಪೊಟ್ಟಣವನ್ನೇ ಎತ್ತಿಕೊಂಡರು. ಪಾಲಮ್ಮ ಬಾಯಿ ತೆರೆಯುವ ಮೊದಲೇ ಜುಂಜಣ್ಣ ಹೇಳಿದ:

“ಅದು ಬ್ಯಾಡ್ರಿ ಅಮ್ಮಾ. ಅದಕ್ಕೆ ಔಷಧಿ ಹೊಡೆದೈತೆ. ನಾನೇ ಹೊಡ್ದಿದ್ದು. ಸಾವಯವದ್ದು ಆ ಕಡೆ ಅವೆ.”

ಕೊಟ್ರಮ್ಮ ಅವನನ್ನೇ ನೋಡಿದರು. “ಹೋದ್ಸಲ ನಿಮ್ ಬೇಳೆ ಮುಗಿದ್ ಮೇಲೆ ಅಂಗಡೀಲಿ ಹಸಿರೆಲೆ ಚಿತ್ರ ಇರೋ ಪೊಟ್ಟಣ ತಗೊಂಡೆ. ಮುದ್ರೆ ಎಲ್ಲೈತೆ ಅಂದ್ರೆ ಆ ಚಿತ್ರಾನೇ ತೋರಿಸಿದ್ರು. ಆಮೇಲೆ ಯಾವ ಸಾವಯವದ ಮೇಲೂ ನಂಬಿಕೆ ಇರ್ಲಿಲ್ಲ. ಇವತ್ತು ಬಂತು ನೋಡಪ್ಪ” ಎಂದು ಮುದ್ರೆಯಿದ್ದ ಬೇಳೆ ಕೊಂಡರು.

ಜುಂಜಣ್ಣನ ಬೇಳೆ ಮಾಮೂಲಿ ದರಕ್ಕೆ ಹೋಯಿತು. ಊರಿಗೆ ಮರಳುವಾಗ ಅವನು, “ಸಿದ್ದಕ್ಕ, ಮತ್ತೆ ಹುಳ ಬಿದ್ರೆ ಕೂಗ್ತೀನಿ. ಕಷಾಯ ಮಾಡಾಕೆ ಎಲ್ರೂ ಬರ್ರಿ” ಎಂದ.

“ಬರ್ತೀವಿ. ಆದ್ರೆ ಔಷಧಿ ಬಿದ್ದ ಹೊಲ ಶುದ್ಧ ಆಗಿ ಮತ್ತೆ ಮುದ್ರೆ ಸಿಗಾಕೆ ಇನ್ನೂ ಕಾಯ್ಬೇಕು.”

“ಕಾಯಾಣ” ಎಂದಳು ಪಾಲಮ್ಮ.

ಕೊಳ್ಳುವ ಅಕ್ಕಂದಿರೇ, ಅಣ್ಣಂದಿರೇ, ಹಸಿರೆಲೆಯ ಚಿತ್ರಕ್ಕೆ ಮರುಳಾಗಬೇಡಿ. ಪೊಟ್ಟಣ ತಿರುಗಿಸಿ ಸಾವಯವ ಆಹಾರಕ್ಕೆ ಸರ್ಕಾರ ಗೊತ್ತುಮಾಡಿದ ‘ಜೈವಿಕ್ ಭಾರತ್’ ಮುದ್ರೆ ಇದೆಯೇ, ಪ್ರಮಾಣಪತ್ರ ಕೊಟ್ಟವರ ವಿವರ ಇದೆಯೇ ನೋಡಿ. ಆಹಾರ ಪರವಾನಗಿ ಸಂಖ್ಯೆ ಇದ್ದ ಮಾತ್ರಕ್ಕೆ ಅದು ಸಾವಯವವಾಗುವುದಿಲ್ಲ. ರೈತರೇ ನೇರವಾಗಿ ಮಾರುತ್ತಿದ್ದರೆ, ಹೇಗೆ ಬೆಳೆದಿರಿ ಎಂದು ಬಾಯಿಬಿಟ್ಟು ಕೇಳಿ. ಬೆಳೆಯುವವರೇ, ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿ. ನಿಮ್ಮ ಬೇಳೆ ಯಾರದೋ ಮನೆಯ ಮಗುವಿನ ತಟ್ಟೆಗೆ ಹೋಗುತ್ತದೆ.