ತಾರೀಖು ಬಿಟ್ಟ ಸಹಿ

ಕಬ್ಬಿಣ ಕರಗಿಸುವ ಫರ್ನೇಸಿನ ಒಳಗೋಡೆ ಸವೆದು ನಾಲ್ಕು ತಿಂಗಳಾಗಿತ್ತು. ಹೊಸದು ಹಾಕಿಸಲು ಬೇಕಿದ್ದದ್ದು ಎಂ.ಡಿ. ಖನ್ನಾ ಅವರ ಒಂದು ಸಹಿ. ನೋಯ್ಡಾದ ನಮ್ಮ ಪಂಪ್ ಕಾರ್ಖಾನೆಯಲ್ಲಿ ಎರಕದ ವಿಭಾಗ ನನ್ನದು. ನೀರಾವರಿ ಪಂಪುಗಳ ಆರ್ಡರ್ ಜೂನ್ ಒಳಗೆ ಮುಗಿಯದಿದ್ದರೆ ಎರಡನೆಯ ಪಾಳಿ ಮುಚ್ಚಬೇಕು, ನಲವತ್ತೆರಡು ಜನ ಮನೆಗೆ ಹೋಗಬೇಕು. ಇದನ್ನು ಖನ್ನಾ ಅವರಿಗೆ ಬರೆದೂ ಕೊಟ್ಟಿದ್ದೆ, ಬಾಯಿಬಿಟ್ಟೂ ಹೇಳಿದ್ದೆ. ಗೋಡೆಗೆ ಹೇಳಿದ್ದರೆ ಪ್ರತಿಧ್ವನಿಯಾದರೂ ಬರುತ್ತಿತ್ತು.

2004ರ ಆ ಬೇಸಿಗೆಯಲ್ಲಿ ಖನ್ನಾ ಅವರಿಗೆ ಪಂಪು ಬೇಕಿರಲಿಲ್ಲ, ವೋಟು ಬೇಕಿತ್ತು. ಅವರನ್ನು ಕುರ್ಚಿಯಿಂದ ಇಳಿಸಲು ಹಳೆಯ ಪಾಲುದಾರ ಸೇಠಿ ಷೇರುದಾರರ ಸಭೆ ಕರೆಸಿದ್ದರು. ಸಭೆಗೆ ಬರಲಾಗದವರು ತಮ್ಮ ವೋಟನ್ನು ಇನ್ನೊಬ್ಬರ ಕೈಗೆ ಬರೆದುಕೊಡುವ ಪ್ರಾಕ್ಸಿ ಫಾರ್ಮಿಗಾಗಿ ಎರಡೂ ಕಡೆಯವರು ಮನೆಮನೆ ಅಲೆಯುತ್ತಿದ್ದರು. ಮಾರಾಟದವರು ಮಾರುವುದನ್ನು ಬಿಟ್ಟರು, ಖರೀದಿಯವರು ಕೊಳ್ಳುವುದನ್ನು ಬಿಟ್ಟರು. ಕಡೆಗೆ ನನ್ನ ಸರದಿಯೂ ಬಂತು.

"ಏಕನಾಥ್, ನಿಮ್ಮ ಕರ್ನಾಟಕದವರ ಹತ್ತಿರ ನಮ್ಮ ಷೇರು ಬಹಳ ಇದೆ. ಅವರ ಸಹಿ ತನ್ನಿ. ಅದೇ ದಿನ ನಿಮ್ಮ ಫೈಲಿಗೆ ನನ್ನ ಸಹಿ," ಎಂದರು ಖನ್ನಾ.

ಮಾತು ನಿಜ. ಕೇಂದ್ರ ಸರ್ಕಾರದಲ್ಲಿ ಸೆಕ್ಷನ್ ಆಫೀಸರ್ ಆಗಿದ್ದ ಶಂಕರಪ್ಪನವರು ಕೊಂಡರೆಂದು ಅವರ ಕಚೇರಿಯ ಕನ್ನಡಿಗರೆಲ್ಲ ಹಿಂದೆ ನಮ್ಮ ಷೇರು ಕೊಂಡಿದ್ದರು. ಅವರೆಲ್ಲಿ ಸಹಿ ಹಾಕುತ್ತಾರೋ ಉಳಿದವರೂ ಅಲ್ಲೇ ಹಾಕುವವರು. ನಿವೃತ್ತರಾಗಿ ದೆಹಲಿಯ ಜನಕಪುರಿಯಲ್ಲಿದ್ದರು. ಎರಡು ಬಸ್ಸು ಬದಲಿಸಿ ಹೋದೆ. ಅವರ ಹೆಂಡತಿ ಶಾರದಮ್ಮ ಮಜ್ಜಿಗೆ ಕೊಟ್ಟರು.

"ಫರ್ನೇಸ್ ಅಂದ್ರೆ ಮನೇಲಿ ಒಲೆ ಇದ್ದ ಹಾಗೆ ಅಲ್ವೇನ್ರೀ? ಒಲೆ ಉರೀಲೇಬೇಕು," ಎಂದ ಶಂಕರಪ್ಪನವರು ಓದದೆಯೇ ಸಹಿ ಹಾಕಿದರು. ಹದಿನೇಳು ಜನಕ್ಕೆ ಫೋನೂ ಮಾಡಿದರು. ಮೂರು ದಿನ ಅಲೆದು ಎಲ್ಲರ ಫಾರ್ಮನ್ನೂ ಖನ್ನಾ ಅವರ ಮೇಜಿನ ಮೇಲಿಟ್ಟೆ.

"ವಾಹ್. ಫೈಲು ಸಭೆ ಮುಗಿದ ಮೇಲೆ," ಎಂದರು.

ದೇವರು ವರ ಕೊಟ್ಟರೂ ಪೂಜಾರಿ ಕೊಡ. ಫೈಲು ಎತ್ತಿಕೊಂಡು ವಿಭಾಗಕ್ಕೆ ಮರಳಿದೆ.

ಸಭೆಯ ದಿನ ಫಾರ್ಮು ಪರಿಶೀಲಿಸುವವರು ನನ್ನ ಕಟ್ಟನ್ನು ಪಕ್ಕಕ್ಕಿಟ್ಟರು. ಅದೇ ಜನ ಸೇಠಿಯವರಿಗೂ ಬರೆದುಕೊಟ್ಟಿದ್ದರು, ನನಗೆ ಕೊಟ್ಟ ನಾಲ್ಕು ದಿನದ ಮೇಲೆ. ಒಬ್ಬರೇ ಎರಡು ಕೊಟ್ಟರೆ ಕೊನೆಯ ತಾರೀಖಿನದೇ ಊರ್ಜಿತ. ಖನ್ನಾ ಸೋತರು.

ನೇರ ಜನಕಪುರಿಗೆ ಹೋದೆ. "ಯಾಕ್ ಸಾರ್ ಹೀಗ್ಮಾಡಿದ್ರಿ?"

"ಪಾಪ, ಸೇಠಿ ಕಡೆಯವನೂ ಬಿಸಿಲಲ್ಲಿ ಬಂದಿದ್ದ. ಬಾಗಿಲಿಗೆ ಬಂದೋನನ್ನ ಬರಿಗೈಲಿ ಕಳಿಸೋಕಾಗುತ್ತೇನ್ರೀ? ನಿಮಗೂ ಒಂದು, ಅವನಿಗೂ ಒಂದು. ಯಾರಿಗೂ ಬೇಜಾರಾಗ್ಬಾರ್ದು."

ಇಂಥ ಒಳ್ಳೆಯವರ ಮೇಲೆ ಬರುವ ಸಿಟ್ಟನ್ನು ಎಲ್ಲಿ ತೀರಿಸಿಕೊಳ್ಳುವುದು? ಮಜ್ಜಿಗೆ ಕುಡಿದು ಬಂದೆ.

ಜೂನ್ ಮುಗಿಯಿತು. ಆರ್ಡರ್ ರದ್ದಾಯಿತು. ಎರಡನೆಯ ಪಾಳಿ ಮುಚ್ಚಿದ ನೋಟಿಸನ್ನು ನಾನೇ ಗೇಟಿಗೆ ಅಂಟಿಸಿದೆ. ನಲವತ್ತೆರಡು ಜನ ಓದಿದರು, ಒಬ್ಬನೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹೊಸ ಎಂ.ಡಿ. ಸೇಠಿ ಕರೆಸಿದರು. "ಆರು ತಿಂಗಳಿಂದ ಉತ್ಪಾದನೆ ಯಾಕೆ ಬಿದ್ದಿದೆ? ಏನು ಮಾಡುತ್ತಿದ್ದಿರಿ?"

ಫೈಲು ಮುಂದಿಟ್ಟೆ. ಫರ್ನೇಸ್ ಸರಿಯಾದರೆ ಇನ್ನೊಂದು ಆರ್ಡರ್ ಹಿಡಿಯಬಹುದು, ಪಾಳಿ ಮತ್ತೆ ತೆರೆಯಬಹುದು ಎಂದೆ. ಅವರು ಫೈಲನ್ನು ತೆರೆಯಲೇ ಇಲ್ಲ.

"ಅಚ್ಛಾ, ಆ ಕರ್ನಾಟಕದವರು ನಿಮಗೆ ಗೊತ್ತಂತೆ. ಖನ್ನಾ ಸೆಪ್ಟೆಂಬರಿನಲ್ಲಿ ಇನ್ನೊಂದು ಸಭೆ ಕರೆಸುತ್ತಿದ್ದಾನೆ. ಸಹಿ ತನ್ನಿ, ಆಮೇಲೆ ಇದನ್ನು ನೋಡೋಣ."

ಮತ್ತೆ ಜನಕಪುರಿ, ಮತ್ತೆ ಮಜ್ಜಿಗೆ.

"ಒಲೆ ಹತ್ತಿತೇನ್ರೀ?" ಎಂದು ಶಂಕರಪ್ಪನವರು ಕೇಳಿದರು.

"ಇಲ್ಲ ಸಾರ್."

ಅವರು ಸಹಿ ಹಾಕಿದರು. "ನಿನ್ನೆ ಖನ್ನಾ ಕಡೆಯವನೂ ಬಂದಿದ್ದ," ಎನ್ನುತ್ತ ತಾರೀಖು ಬರೆಯಲು ಹೋದರು. ನಾನು ಅವರ ಕೈ ತಡೆದೆ.

"ತಾರೀಖು ಬಿಡಿ ಸಾರ್. ಕೊನೇ ದಿನ ನಾನೇ ಹಾಕ್ಕೋತೀನಿ."

ಅವರು ನನ್ನ ಮುಖವನ್ನೇ ನೋಡಿದರು.

"ಫರ್ನೇಸ್ ಬಿಟ್ಟು ಈ ಕೆಲಸಕ್ಕೇ ಸೇರಿದ್ರಾ?"

ಅವರದು ಕುಹಕವಲ್ಲ, ತಿಳಿದುಕೊಳ್ಳಲೆಂದೇ ಕೇಳಿದ್ದು.