ಐದು ಮಾರು ನೀರು

ನನ್ನ ಕೈಚಳಕದ ಬಗ್ಗೆ ನಾನೇ ಹೇಳಿಕೊಳ್ಳಬಾರದು. ಆದರೆ ಬೇರೆಯವರು ಹೇಳುವುದು ಏನೇನೂ ಸಾಲದು. ಸೊಳ್ಳೆಯ ಮೀಸೆಯ ಮೇಲೆ ಊರಿನ ಹೆಸರು ಕೆತ್ತಿ, ಉಳಿದ ಜಾಗದಲ್ಲಿ ಚರ್ಚೊಂದನ್ನು ಕೂರಿಸಿದವನು ಇಡೀ ಆಮ್‌ಸ್ಟರ್‌ಡ್ಯಾಮಿನಲ್ಲಿ ನಾನೊಬ್ಬನೇ. ವಿಧವೆ ಅಲೇಡಾಳ ನಕ್ಷೆ ಅಂಗಡಿ ನಿಂತಿದ್ದೇ ನನ್ನ ಬಲಗೈಯ ಮೇಲೆ.

ನಮ್ಮ ಒಳಗಡಲಿನ ನಕ್ಷೆಯನ್ನು ಹನ್ನೊಂದೇ ದಿನದಲ್ಲಿ ತಾಮ್ರದ ತಗಡಿಗೆ ಇಳಿಸಿದೆ, ಅದೂ ಎಡಬಲ ತಿರುವಿ, ಅಚ್ಚಾದಾಗ ನೆಟ್ಟಗೆ ಕಾಣಲೆಂದು. ಕಡಲಿಗೆ ಹೋಗಿದ್ದೆನೇ? ಯಾಕೆ ಹೋಗಲಿ? ಮೇಜಿನ ಮೇಲೆ ಮೂರು ಹಳೆಯ ನಕ್ಷೆಗಳಿದ್ದವು.

ಮೊದಲ ಹಾಳೆಗಳು ಹಗ್ಗದ ಮೇಲೆ ಒಣಗುತ್ತಿದ್ದಾಗ ಹಳೆಯ ದೋಣಿಗಾರ ಸಿಬೋಲ್ಟ್ ಒಳಗೆ ಬಂದ. ಸೋಮವಾರ ಅವನ ಅಳಿಯ ಮೆಲ್ಲೆ, ಮೊದಲ ಸಲ ತಾನೇ ಯಜಮಾನನಾಗಿ, ಚೀಸ್ ತುಂಬಿದ ದೋಣಿಯನ್ನು ಟೆಸೆಲ್ ದ್ವೀಪಕ್ಕೆ ಒಯ್ಯುವವನಿದ್ದ. ಜೊತೆಗೆ ಸಿಬೋಲ್ಟನ ಬಸುರಿ ಮಗಳು. ದಾರಿಗೆ ನಮ್ಮದೇ ನಕ್ಷೆ.

ಹಾಳೆಯಲ್ಲಿ ವೀರಿಂಗೆನ್ ದ್ವೀಪದ ಪಕ್ಕ ದೋಣಿಗಳು ಹಾಯುವ ಕಡಲ ಕಾಲುವೆಯ ಮೇಲೆ ಸಿಬೋಲ್ಟ್ ತನ್ನ ಡಾಂಬರು ಮೆತ್ತಿದ ಹೆಬ್ಬೆರಳನ್ನು ಊರಿದ.

"ಮೇಷ್ಟ್ರೇ, ಇಲ್ಲಿ ಐದು ಮಾರು ನೀರು ಅಂತ ಬರ್ದಿದೀರಿ. ಅಲ್ಲೀಗ ಕಡಲಹಕ್ಕಿಗಳು ನಿಂತ್ಕೊಂಡು ಬಿಸಿಲು ಕಾಯಿಸ್ಕೊಳ್ತಿವೆ."

ನಾನು ಮೂರೂ ಹಳೆಯ ನಕ್ಷೆ ಹರವಿದೆ. "ಮೂರು ಜನ ಐದು ಅಂತಾರೆ. ನೀವೊಬ್ರು ಅಲ್ಲ ಅಂತೀರಲ್ಲ ಯಜಮಾನ್ರೇ?"

ಅವನು ನಿಧಾನವಾಗಿ ನೋಡಿದ. ಮೂರರಲ್ಲೂ ಅದೇ ಜಾಗದಲ್ಲಿ ಒಂದೇ ಪುಟ್ಟ ಹಡಗು. ಹಾಯಿ ಒಂದು ಕಡೆ ಉಬ್ಬಿದ್ದರೆ ಬಾವುಟ ಗಾಳಿಗೆ ಎದುರಾಗಿ ಹಾರುತ್ತಿತ್ತು. ನನ್ನ ಹಾಳೆಯಲ್ಲೂ ಹಾಗೇ.

"ಮೂರು ಜನ ಅಲ್ಲ ಮೇಷ್ಟ್ರೇ, ಒಬ್ನೇ. ಮೊದಲಿನವನು ನೀರು ಅಳೆದ. ಆಮೇಲಿನವರು ಅವನ ಕಾಗದ ಅಳೆದ್ರು."

ಮರುದಿನ ಅವನ ದೋಣಿಯಲ್ಲಿ ಹೊರಟೆವು. ಆ ಕಾಲುವೆಯಲ್ಲಿ ಸಿಬೋಲ್ಟ್ ಹಗ್ಗಕ್ಕೆ ಕಟ್ಟಿದ ಸೀಸದ ಗುಂಡಿನ ತಳಕ್ಕೆ, ಕೆಳಗಿನ ಮಣ್ಣು ಅಂಟಲೆಂದು, ಕೊಬ್ಬು ಮೆತ್ತಿ ಇಳಿಬಿಟ್ಟ. ಹಗ್ಗ ಬಿಗಿಯಾಗುವ ಮೊದಲೇ ಗುಂಡು ಮರಳು ಮೆತ್ತಿಕೊಂಡು ಕೂತಿತು. ನಂಬಲಾರದೆ ನಾನೇ ಇಳಿದೆ. ನೀರು ಕುತ್ತಿಗೆಯವರೆಗಿತ್ತೆಂದು ಊರೆಲ್ಲ ಹೇಳಿದ್ದೇನೆ. ನಿಜಕ್ಕೂ ಮಂಡಿಯವರೆಗಿತ್ತು.

ತಿದ್ದುವುದು ಅಲೇಡಾಗೆ ಇಷ್ಟವಿರಲಿಲ್ಲ. ಬೇರೆ ಅಂಗಡಿಗಳ ನಕ್ಷೆಯೆಲ್ಲ ಐದು ಎನ್ನುವಾಗ, ಕೊಳ್ಳುವವರು ನಮ್ಮದನ್ನೇ ತಪ್ಪೆನ್ನುತ್ತಾರೆಂದಳು. ಹಾಗೆನ್ನುವವರನ್ನು ಒಬ್ಬೊಬ್ಬರನ್ನಾಗಿ ಅಲ್ಲಿಗೊಯ್ದು ನೀರಿಗಿಳಿಸುತ್ತೇನೆಂದು ಹೇಳಿ, ಒದ್ದೆ ಕಾಲುಚೀಲವನ್ನು ಅವಳ ಮೇಜಿನ ಮೇಲಿಟ್ಟೆ. ಮೂಗು ಮುಚ್ಚಿಕೊಂಡು ಒಪ್ಪಿದಳು.

ಐದನ್ನು ಕೆರೆದೆ, ತಗಡನ್ನು ಹಿಂದಿನಿಂದ ಬಡಿದು ಸಮಮಾಡಿದೆ, ಅಲ್ಲಿ ಮರಳುದಿಬ್ಬದ ಚುಕ್ಕಿಗಳನ್ನು ಕೆತ್ತಿದೆ. ಸೋಮವಾರ ಮೆಲ್ಲೆ ಒಯ್ದ ಹಾಳೆಯ ಮಸಿ ಇನ್ನೂ ಹಸಿಯಾಗಿತ್ತು.

ಒಂಬತ್ತು ದಿನಗಳ ಮೇಲೆ ಸಿಬೋಲ್ಟನ ಮಗಳ ಕಾಗದ ಬಂತು. ದಿಬ್ಬವನ್ನು ಬಳಸಿಕೊಂಡು ಸುಖವಾಗಿ ಸೇರಿದ್ದರು. ಸಿಬೋಲ್ಟ್ ಅದನ್ನು ನನ್ನ ಮುಂದೆ ಎರಡು ಸಲ ಓದಿದ.

ಆ ದಿಬ್ಬವನ್ನು ನಾನೇ ಹೆಗಲುಕೊಟ್ಟು ಪಕ್ಕಕ್ಕೆ ತಳ್ಳಿದೆನೆಂದು ಈಗ ಹೇಳುತ್ತಿರುತ್ತೇನೆ. ಸಿಬೋಲ್ಟ್ ಎದುರಿಗಿದ್ದಾಗ ಮಾತ್ರ ಹೇಳುವುದಿಲ್ಲ.